ಎಂಟು ಕೊಡ ನೀರು

ಬೋಧನಾಭ್ಯಾಸ ಮುಗಿಸಿ ಬಂದ ಪ್ರಶಿಕ್ಷಣಾರ್ಥಿಗಳೆಲ್ಲ ಚೆನ್ನಾಗಿ ಆದ ಪಾಠದ ಬಗ್ಗೆ ಬರೆಯಲು ಇಷ್ಟಪಡುತ್ತೇವೆ. ನಾನು ನನಗೆ ಅತಿ ಹೆಚ್ಚು ಅಂಕ ಬಂದ ಪಾಠದ ಬಗ್ಗೆ ಬರೆಯುತ್ತಿದ್ದೇನೆ. ಆದರೆ ಆ ಪಾಠ ಚೆನ್ನಾಗಿ ಆಗಲಿಲ್ಲ. ಅದು ನನಗೂ ಐದನೇ ತರಗತಿಯ ಒಬ್ಬ ಹುಡುಗಿಗೂ ಮಾತ್ರ ಗೊತ್ತಿತ್ತು.

ಕಳೆದ ವರ್ಷ ನಮ್ಮ ತಂಡಕ್ಕೆ ಮೂರು ಸುತ್ತಿನ ಬೋಧನಾಭ್ಯಾಸವಿತ್ತು. ಮೊದಲನೆಯದು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಎರಡನೆಯದು ಅಫಜಲಪುರ ತಾಲ್ಲೂಕಿನಲ್ಲಿ, ಮೂರನೆಯದು ಜೇವರ್ಗಿ ತಾಲ್ಲೂಕಿನಲ್ಲಿ. ನಕಾಶೆಯಲ್ಲಿ ನೋಡಿದರೆ ಈ ಮೂರೂ ತಾಲ್ಲೂಕುಗಳನ್ನು ನೀರೇ ಜೋಡಿಸಿದೆ. ಆಳಂದ ತಾಲ್ಲೂಕಿನ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಬಂದ ಭೀಮೆ ಮುಂದೆ ಜೇವರ್ಗಿ ತಾಲ್ಲೂಕಿನತ್ತ ಹರಿಯುತ್ತದೆ. ನಾನು ಮೂರೂ ಕಡೆ ಪರಿಸರ ಅಧ್ಯಯನವನ್ನೇ ಆರಿಸಿಕೊಂಡೆ. ಮಾಡಿ ಕಲಿಯುವ ಚಟುವಟಿಕೆಗಳೇ ಇರಬೇಕು, ಓದಿ ಹೇಳುವ ಪಾಠ ಒಂದೂ ಇರಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ.

ತರಗತಿಯಲ್ಲಿ ನಾವು ಓದಿದ್ದೂ ಅದನ್ನೇ. 1977ರಲ್ಲಿ ತ್ಬಿಲಿಸಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಪರಿಸರ ಶಿಕ್ಷಣದಲ್ಲಿ ನೇರ ಅನುಭವಕ್ಕೆ ಒತ್ತು ಕೊಟ್ಟಿತು. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕು ಎಂದಿತು. ಎನ್‌ಸಿಎಫ್ 2005 ಮಗುವಿನ ಶಾಲೆಯ ಹೊರಗಿನ ಬದುಕನ್ನು ಶಾಲೆಯ ಕಲಿಕೆಗೆ ಜೋಡಿಸಿ ಎಂದಿತು. ಇವೆಲ್ಲವನ್ನೂ ಪರೀಕ್ಷೆಯಲ್ಲಿ ಬರೆದಿದ್ದೇನೆ. ಮಗುವಿನ ಹೊರಗಿನ ಬದುಕು ಒಳಗೆ ಬಂದಾಗ ಶಿಕ್ಷಕಿ ಏನು ಮಾಡಬೇಕು ಎಂಬುದು ಮಾತ್ರ ಜೇವರ್ಗಿಯವರೆಗೆ ನನಗೆ ತಿಳಿದಿರಲಿಲ್ಲ.

ಆಳಂದ: ಮಣ್ಣು ಹೇಳಿದ ಉತ್ತರ

ಜೂನ್ ಕೊನೆಯ ವಾರ. ಮಳೆ ತಡವಾಗಿತ್ತು. ನಾಲ್ಕನೇ ತರಗತಿಗೆ ಮಣ್ಣಿನ ಪಾಠ. ಮೂರು ಖಾಲಿ ನೀರಿನ ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ, ಮೇಲಿನ ಭಾಗವನ್ನು ತಲೆಕೆಳಗಾಗಿ ಕೆಳಗಿನ ಭಾಗದಲ್ಲಿ ಕೂಡಿಸಿ, ಬಾಯಿಗೆ ಬಟ್ಟೆ ಕಟ್ಟಿದ್ದೆವು. ಒಂದರಲ್ಲಿ ಉಸುಕು, ಒಂದರಲ್ಲಿ ಕೆಂಪು ಮಣ್ಣು, ಒಂದರಲ್ಲಿ ಮಕ್ಕಳು ತಮ್ಮ ಹೊಲದಿಂದ ತಂದ ಎರೆ ಮಣ್ಣು. ಮೂರಕ್ಕೂ ಒಂದೊಂದು ಲೋಟ ನೀರು ಹಾಕಿ ಯಾವುದರಲ್ಲಿ ಬೇಗ ಇಳಿಯುತ್ತದೆ ನೋಡುವುದು. ಉತ್ತರವನ್ನು ನಾನು ಚಾರ್ಟಿನಲ್ಲಿ ಬರೆದು, ಮಡಚಿ ಇಟ್ಟುಕೊಂಡಿದ್ದೆ: ಉಸುಕಿನಲ್ಲಿ ಬೇಗ, ಎರೆ ಮಣ್ಣಿನಲ್ಲಿ ಬಹಳ ನಿಧಾನ.

ನೀರು ಹಾಕಿದ ತಕ್ಷಣ ಎರೆ ಮಣ್ಣಿನ ಬಾಟಲಿಯಿಂದ ನೀರು ದಬದಬ ಇಳಿದುಬಿಟ್ಟಿತು. ನನ್ನ ಮುಖ ಬಾಡಿತು. ಮಕ್ಕಳು ತಂದದ್ದು ಒಣಗಿದ ಹೆಂಟೆಗಳು, ನಾನು ಪುಡಿ ಮಾಡಿಸಿರಲಿಲ್ಲ. ಏನು ಹೇಳುವುದು ಎಂದು ಯೋಚಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗ ಎದ್ದು ನಿಂತ.

"ಟೀಚರ್, ಬ್ಯಾಸಗ್ಯಾಗ ಹೊಲ ಬಾಯಿ ಬಿಟ್ಟಿರ್ತದ್ರಿ. ಮೊದಲನೇ ಮಳಿ ಎಲ್ಲಾ ನುಂಗ್ತದ. ಆಮ್ಯಾಲ ಬಾಯಿ ಮುಚ್ಚತದ. ಇನ್ನೊಮ್ಮಿ ಹಾಕ್ರಿ."

ಇನ್ನೊಮ್ಮೆ ಹಾಕಿದೆವು. ನೀರು ನಿಧಾನವಾಯಿತು. ಮೂರನೇ ಲೋಟ ಮೇಲೆಯೇ ನಿಂತಿತು. ಎರೆ ಮಣ್ಣಿನಲ್ಲಿರುವ ಜೇಡಿ ಕಣಗಳು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ, ನೀರು ಕುಡಿದಾಗ ಉಬ್ಬಿ ಬಿರುಕನ್ನು ಮುಚ್ಚುತ್ತವೆ. ಇದನ್ನು ನಾನೂ ಓದಿದ್ದೆ. ಆದರೆ ಆ ಹುಡುಗ ಅದನ್ನು ಪ್ರತಿ ವರ್ಷ ನೋಡಿದ್ದ. ಚಾರ್ಟನ್ನು ತಿರುಗಿಸಿ, ಹಿಂಭಾಗದ ಖಾಲಿ ಜಾಗದಲ್ಲಿ ಅವನ ಕೈಯಿಂದಲೇ ಮೂರು ಲೋಟದ ಫಲಿತಾಂಶ ಬರೆಸಿದೆ. ಸಮಯ ಮೀರಿತು, ಮೌಲ್ಯಮಾಪನದ ಹಂತ ಉಳಿದುಹೋಯಿತು, ಅಂಕ ಕಡಿಮೆ ಬಂತು. ಆದರೂ ಅಂದು ಸಂತೋಷವಾಗಿ ಬಸ್ಸು ಹತ್ತಿದೆ. ಮಕ್ಕಳ ಕೈ ಕಂಡುಕೊಂಡದ್ದು ನನ್ನ ಚಾರ್ಟಿಗಿಂತ ದೊಡ್ಡದು ಎಂಬ ಪಾಠ ಕಲಿತೆ ಎಂದುಕೊಂಡಿದ್ದೆ.

ಅಫಜಲಪುರ: ಕಾಣದೇ ಹೋದ ಎಚ್ಚರಿಕೆ

ಸೆಪ್ಟೆಂಬರ್‌ನಲ್ಲಿ ಎರಡನೇ ಸುತ್ತು. ಆ ಊರು ಭೀಮಾ ತೀರಕ್ಕೆ ಹತ್ತಿರ. 2020ರ ಅಕ್ಟೋಬರ್‌ನ ಪ್ರವಾಹವನ್ನು ಅಲ್ಲಿ ಇನ್ನೂ ಮರೆತಿಲ್ಲ. ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ, ಅಂದು ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ಅದರ ಪಕ್ಕ ತಾವು ನಿಂತು ಎತ್ತರ ಹೋಲಿಸಿ ಬಂದರು. "ನಾ ಮುಳುಗ್ತಿದ್ದೆ, ನಮ್ಮಣ್ಣನ ತಲಿ ಕಾಣ್ತಿತ್ತು" ಎಂದು ಒಬ್ಬಳು ವರದಿ ಕೊಟ್ಟಳು. ಆ ಚಟುವಟಿಕೆ ಬಹಳ ಚೆನ್ನಾಗಿ ಆಯಿತು.

ಇನ್ನೊಂದು, ಕಸದ ಚಟುವಟಿಕೆ. ಶಾಲೆಯ ಮೂಲೆಯಲ್ಲಿ ಒಂದು ಮೊಳ ಆಳದ ಗುಂಡಿ ತೋಡಿ ಬಾಳೆಹಣ್ಣಿನ ಸಿಪ್ಪೆ, ಬೇವಿನ ಎಲೆ, ಕಾಗದ, ಹತ್ತಿ ಬಟ್ಟೆಯ ತುಂಡು, ಬಿಸ್ಕತ್ತಿನ ಹೊದಿಕೆ, ಗುಟ್ಕಾ ಚೀಟಿ ಹೂತೆವು. ಹನ್ನೆರಡು ದಿನ ಬಿಟ್ಟು ಅಗೆದೆವು. ಸಿಪ್ಪೆ ಗುರುತು ಸಿಗದಂತೆ ಕರಗಿತ್ತು, ಎಲೆ ಕಪ್ಪಾಗಿ ಹರಿದಿತ್ತು, ಕಾಗದ ಮುಟ್ಟಿದರೆ ಕೈಗೆ ಬರುತ್ತಿತ್ತು, ಬಟ್ಟೆಗೆ ಬೂಷ್ಟು ಹಿಡಿದಿತ್ತು. ಗುಟ್ಕಾ ಚೀಟಿಯನ್ನು ನೀರಿನಲ್ಲಿ ಅದ್ದಿ ಒರೆಸಿದರೆ ಅಂಗಡಿಯಲ್ಲಿ ತೂಗುಹಾಕಿದ ಹಾಗೇ ಹೊಳೆಯಿತು. ಮಕ್ಕಳು ಬೆರಗಾದರು.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನಾನು ಚೀಟಿಯನ್ನು ಎತ್ತಿ ಹಿಡಿದು ಕೇಳಿದೆ: "ಯಾರ ಮನೆಯಲ್ಲಿ ಇದನ್ನು ತಿನ್ನುತ್ತಾರೆ? ಕೈ ಎತ್ತಿ." ಒಬ್ಬ ಹುಡುಗನ ಕೈಯನ್ನು ಪಕ್ಕದವರೇ ಹಿಡಿದು ಎತ್ತಿದರು. ಎಲ್ಲರೂ ನಕ್ಕರು. "ಮನೆಗೆ ಹೋಗಿ ಅಪ್ಪನಿಗೆ ಹೇಳು, ಇದು ನೂರಾರು ವರ್ಷ ಕರಗುವುದಿಲ್ಲ ಅಂತ" ಎಂದು ನಾನು ಮುಂದೆ ಹೋದೆ. ಅವನು ಆ ದಿನ ಮತ್ತೆ ಗುಂಡಿಯ ಹತ್ತಿರ ಬರಲಿಲ್ಲ. ನಾನು ಅದನ್ನು ನೋಡಿದೆ, ಆದರೆ ನನ್ನ ದಿನಚರಿಯಲ್ಲಿ ಬರೆಯಲಿಲ್ಲ.

ಜೇವರ್ಗಿ: ಚಪ್ಪಾಳೆ

ಜನವರಿಯಲ್ಲಿ ಮೂರನೇ ಸುತ್ತು. ತೊಗರಿ ರಾಶಿ ಮುಗಿಯುತ್ತಾ ಬಂದಿತ್ತು. ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೇ ಕೂಡುವ ಕೋಣೆ, 23 ಮಕ್ಕಳು. ವಿಷಯ: ನೀರಿನ ಬಳಕೆ. 5ಇ ಮಾದರಿಯಲ್ಲಿ ಅಚ್ಚುಕಟ್ಟಾದ ಪಾಠಯೋಜನೆ ಬರೆದಿದ್ದೆ. ಮುಂಚೆಯೇ ಮಕ್ಕಳಿಗೆ ಕೆಲಸ ಕೊಟ್ಟಿದ್ದೆ: ನಾಳೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಮ್ಮ ಮನೆಗೆ ಎಷ್ಟು ಕೊಡ ನೀರು ಬೇಕಾಗುತ್ತದೆ, ಒಂದು ಕೊಡಕ್ಕೆ ಒಂದು ಗೀಟಿನಂತೆ ಗೋಡೆಯ ಮೇಲೆ ಇದ್ದಿಲಿನಿಂದ ಎಳೆಯಿರಿ.

ಪಾಠದ ದಿನ ಮೊದಲು ಕೊಡವನ್ನು ಅಳೆದೆವು. ಬಿಸಿಯೂಟದ ಅಡುಗೆಯವರಿಂದ ಒಂದು ಪ್ಲಾಸ್ಟಿಕ್ ಕೊಡ ತಂದು, ಒಂದು ಲೀಟರ್ ಬಾಟಲಿಯಿಂದ ತುಂಬಿಸಿದೆವು. ಎಲ್ಲರೂ ಜೋರಾಗಿ ಎಣಿಸಿದರು. 14 ಬಾಟಲಿ. ನಂತರ ಒಬ್ಬೊಬ್ಬರೂ ತಮ್ಮ ಲೆಕ್ಕ ಹೇಳಿದರು, ನಾನು ಕಪ್ಪು ಹಲಗೆಯ ಮೇಲೆ ಬರೆದೆ. 30 ಕೊಡ, 26 ಕೊಡ, ಎರಡು ಬ್ಯಾರಲ್, 22 ಕೊಡ. ಕಿಟಕಿಯ ಪಕ್ಕ ಕೂಡುವ ಹುಡುಗಿಯ ಸರದಿ ಬಂದಾಗ ಅವಳು ಮೆಲ್ಲಗೆ ಹೇಳಿದಳು, "ಎಂಟ್ರಿ."

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಆರು ಎಂದಳು. ಆರು ಜನಕ್ಕೆ ಎಂಟೇ ಕೊಡ! ನನ್ನ ಪಾಠಯೋಜನೆಯಲ್ಲಿ 'ವಿಸ್ತರಣೆ' ಹಂತದಲ್ಲಿ 'ನೀರು ಉಳಿಸಿದ ಮನೆ' ಎಂಬ ಒಂದು ಕಿರೀಟವಿತ್ತು, ಬಣ್ಣದ ಕಾಗದದಿಂದ ಮಾಡಿದ್ದು. ಅವಳನ್ನು ಮುಂದೆ ಕರೆದು ಕಿರೀಟ ತೊಡಿಸಿ, "ನೋಡಿ ಮಕ್ಕಳೇ, ಇವಳ ಮನೆಯವರು ಎಷ್ಟು ಜಾಗರೂಕತೆಯಿಂದ ನೀರು ಬಳಸುತ್ತಾರೆ! ಎಲ್ಲರೂ ಚಪ್ಪಾಳೆ ತಟ್ಟಿ" ಎಂದೆ. ಚಪ್ಪಾಳೆ ಬಿತ್ತು. ಹಿಂದೆ ಕುಳಿತು ಅವಲೋಕಿಸುತ್ತಿದ್ದ ನನ್ನ ಸಹಪಾಠಿಯೂ ತಟ್ಟಿದಳು.

ಚಪ್ಪಾಳೆಯ ಸದ್ದಿನಲ್ಲಿ ಹುಡುಗಿ ನನಗೆ ಮಾತ್ರ ಕೇಳುವಂತೆ ಹೇಳಿದಳು: "ನಾವು ಉಳಿಸಿಲ್ರಿ ಟೀಚರ್. ನಮ್ಮ ಮನ್ಯಾಗ ನೀರೇ ಇರಂಗಿಲ್ರಿ."

ನಾನು ಅವಳ ಬೆನ್ನು ತಟ್ಟಿ ಕೂಡಿಸಿದೆ. ಬೇರೇನೂ ಹೊಳೆಯಲಿಲ್ಲ. ಪಾಠ ಸರಿಯಾಗಿ 40 ನಿಮಿಷಕ್ಕೆ ಮುಗಿಯಿತು. ಅವಲೋಕನ ಪತ್ರದಲ್ಲಿ 'ಚಟುವಟಿಕೆ ಉತ್ತಮ, ಮಕ್ಕಳ ಭಾಗವಹಿಸುವಿಕೆ ಉತ್ತಮ, ಸಮಯ ಪಾಲನೆ ಉತ್ತಮ' ಎಂದು ಬಂತು. ಊಟದ ಹೊತ್ತಿಗೆ ಹೋಗಿ ನೋಡಿದರೆ ಕಿರೀಟ ಅವಳ ಬೆಂಚಿನ ಕೆಳಗೆ, ಚೆನ್ನಾಗಿ ಮಡಚಿ, ಇಟ್ಟಿತ್ತು.

ಅಡುಗೆಯವರನ್ನು ಕೇಳಿದೆ. ಅವಳ ಓಣಿ ಊರಿನ ಹೊರಗೆ ಎತ್ತರದ ಜಾಗದಲ್ಲಿದೆ. "ಬಾಗಿಲಿಗೆ ನಲ್ಲಿ ಅದರಿ ಟೀಚರ್, ನೀರು ಅಲ್ಲಿ ತನಕ ಏರಂಗಿಲ್ಲ. ಬೋರಿಂಗ್ ನೀರು ಸವಳು. ಕುಡಿಯಾಕ, ಅಡಿಗಿಗೆ ಕೆಳಗಿನಿಂದ ಹೊತ್ತ ತರಬೇಕು" ಎಂದರು. ನಮ್ಮ ಮನೆ ಕಲಬುರಗಿಯಲ್ಲಿದೆ. ನೀರು ದಿನ ಬಿಟ್ಟು ಬಂದರೂ ಮೋಟರ್ ಹಾಕಿದರೆ ಮೇಲಿನ ಟ್ಯಾಂಕ್ ತುಂಬುತ್ತದೆ. 'ನೀರು ಉಳಿಸಿ' ಎಂಬ ಮಾತು ನಲ್ಲಿ ಇರುವವರಿಗೆ ಹೇಳುವ ಮಾತು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಆ ರಾತ್ರಿ ಅಫಜಲಪುರದ ಹುಡುಗ ನೆನಪಾದ. ಎರಡೂ ಕಡೆ ಚಟುವಟಿಕೆಯಲ್ಲಿ ತಪ್ಪಿರಲಿಲ್ಲ. ಮಕ್ಕಳು ಅಗೆದದ್ದು ನಿಜ, ಅಳೆದದ್ದು ನಿಜ. ಅವರ ಕೈ ನಿಜವನ್ನು ತಂದು ನನ್ನ ಮುಂದೆ ಇಟ್ಟಿತ್ತು. ಅದರ ಮೇಲೆ ನಾನು ನನ್ನ ತೀರ್ಪನ್ನು ಬರೆದೆ: ಈ ಮನೆ ಕೆಟ್ಟದು, ಈ ಮನೆ ಒಳ್ಳೆಯದು. ಆಳಂದದಲ್ಲಿ ಮಣ್ಣಿನ ವಿಷಯದಲ್ಲಿ ನನ್ನ ಚಾರ್ಟನ್ನು ತಿರುಗಿಸಲು ಸಿದ್ಧಳಿದ್ದೆ. ಮನೆಗಳ ವಿಷಯದಲ್ಲಿ ಚಾರ್ಟನ್ನು ತಿರುಗಿಸಿರಲಿಲ್ಲ.

ಮರುದಿನ

ಮರುದಿನದ ಪಾಠಯೋಜನೆಗೆ ಸಹಿ ಆಗಿತ್ತು, ಪ್ರಾಣಿಗಳ ಆಹಾರದ ಪಾಠ. ಬೆಳಿಗ್ಗೆ ಮಾರ್ಗದರ್ಶಕ ಉಪನ್ಯಾಸಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಅದೇ ನೀರಿನ ಪಾಠವನ್ನು ಮತ್ತೆ ಮಾಡಲು ಅನುಮತಿ ಕೇಳಿದೆ. "ಹಾಗಾದರೆ ಪ್ರಾಣಿಗಳ ಪಾಠ ಬಾಕಿ ಉಳೀತದ, ಒಂದು ಪಾಠದ ಅಂಕ ಹೋಗಬಹುದು ನೋಡಮ್ಮ" ಎಂದರು. ಹೋಗಲಿ ಸರ್ ಎಂದೆ. "ಮಾಡು. ಆದರೆ ಆ ಹುಡುಗೀನ ಎದ್ದು ನಿಲ್ಲಿಸಿ ಸಾರಿ ಕೇಳಬ್ಯಾಡ, ಅದು ಇನ್ನೊಂದು ಕಿರೀಟ ಆಗ್ತದ" ಎಂದರು. ಮೂರು ಸುತ್ತಿನಲ್ಲಿ ನನಗೆ ಸಿಕ್ಕ ಅತ್ಯುತ್ತಮ ಮಾರ್ಗದರ್ಶನ ಅದು.

ತರಗತಿಗೆ ಹೋಗಿ, "ನಿನ್ನೆ ಹಲಗೆಯ ಮೇಲೆ ನಾನು ಬರೆದದ್ದರಲ್ಲಿ ಒಂದು ತಪ್ಪು ಇತ್ತು. ಎಷ್ಟು ಕೊಡ ಅಂತ ಕೇಳಿದೆ, ಎಲ್ಲಿಂದ ಬಂತು, ಯಾರು ಹೊತ್ತರು ಅಂತ ಕೇಳಲಿಲ್ಲ" ಎಂದೆ. ಹಲಗೆಯ ಮೇಲೆ ನಾಲ್ಕು ಕಾಲಂ ಹಾಕಿದೆ: ಎಷ್ಟು ಕೊಡ, ಎಲ್ಲಿಂದ, ಎಷ್ಟು ದೂರ, ಹೊತ್ತವರು ಯಾರು. ಮನೆಯ ಹೆಸರು ಬರೆಯಲಿಲ್ಲ, ಓಣಿಗಳ ಹೆಸರು ಮಾತ್ರ.

'ಹೊತ್ತವರು ಯಾರು' ಕಾಲಂ ತುಂಬಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. 23 ಮನೆಗಳಲ್ಲಿ 19ರಲ್ಲಿ ಅವ್ವ, ಅಕ್ಕ, ಅಮ್ಮ, ಇಲ್ಲವೇ ತಂಗಿ. ನಾಲ್ಕರಲ್ಲಿ ಮಾತ್ರ ಗಂಡಸರು. "ನಾ ಸೈಕಲ್ ಮ್ಯಾಲ ಎರಡು ಕೊಡ ತರ್ತೀನ್ರಿ" ಎಂದು ಒಬ್ಬ ಹೆಮ್ಮೆಯಿಂದ ಹೇಳಿದ. "ವಾರಕ್ಕ ಒಮ್ಮಿ" ಎಂದು ಅವನ ತಂಗಿ ನಾಲ್ಕನೇ ತರಗತಿಯ ಸಾಲಿನಿಂದ ತಿದ್ದಿದಳು. ಎಲ್ಲರೂ ನಕ್ಕರು, ಅವನೂ ನಕ್ಕ.

ನಂತರ 10 ಮೀಟರ್ ಹಗ್ಗ ಹಿಡಿದು ಹೊರಟೆವು. ಮುಖ್ಯ ಗುರುಗಳೂ ಜೊತೆಗೆ ಬಂದರು. ದಾರಿ ತೋರಿಸಲು ಯಾರು ಎಂದು ಕೇಳಿದಾಗ ಆ ಹುಡುಗಿ ತಾನಾಗಿಯೇ ಮುಂದೆ ಬಂದಳು. ಅವಳ ಓಣಿಯಿಂದ ಸಿಹಿ ನೀರಿನ ಜಾಗದವರೆಗೆ ಹಗ್ಗ 36 ಸಲ ಬಿತ್ತು, ಅಂದರೆ 360 ಮೀಟರ್. ಹೋಗಿ ಬರಲು 720. ಅವ್ವ ತಲೆಯ ಮೇಲೊಂದು, ಬಗಲಲ್ಲೊಂದು, ಅವಳು ಒಂದು. ಎಂಟು ಕೊಡಕ್ಕೆ ಮೂರು ಸಲ. 720ನ್ನು ಮೂರರಿಂದ ಗುಣಿಸಿದರೆ 2160 ಮೀಟರ್. ಶಾಲೆಗೆ ಬರುವ ಮುಂಚೆಯೇ ಎರಡು ಕಿಲೋಮೀಟರ್ ಮೇಲೆ. ಅವಳು ಯಾಕೆ ಪ್ರಾರ್ಥನೆಗೆ ತಡವಾಗಿ ಬರುತ್ತಾಳೆ ಎಂದು ಮುಖ್ಯ ಗುರುಗಳು ಹಾಜರಿ ಪುಸ್ತಕದ ಮೂಲಕ ಕೇಳಿದ್ದ ಪ್ರಶ್ನೆಗೆ ಉತ್ತರ ಹಗ್ಗದಿಂದ ಬಂತು. ಅವರು ಅಂದಿನಿಂದ ಆ ಪ್ರಶ್ನೆ ಕೇಳಲಿಲ್ಲ.

ಮರಳಿ ಬಂದು ಇನ್ನೊಂದು ಲೆಕ್ಕ ಮಾಡಿದೆವು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ನಮ್ಮ ರಾಜ್ಯದಲ್ಲಿ ಅದನ್ನು 'ಮನೆ ಮನೆಗೆ ಗಂಗೆ' ಎನ್ನುತ್ತಾರೆ. ಆರು ಜನಕ್ಕೆ 330 ಲೀಟರ್. 14ರ ಕೊಡದಲ್ಲಿ ಸುಮಾರು 24 ಕೊಡ. ಬಂದದ್ದು ಎಂಟು. ಹಾಗಾದರೆ ಎಂಟು ಎಂಬುದು ಉಳಿತಾಯವಲ್ಲ, 16 ಕೊಡದ ಕೊರತೆ. ಅದೇ ಸಂಖ್ಯೆ ನಿನ್ನೆ ಹಲಗೆಯ ಮೇಲೆ ಬಹುಮಾನವಾಗಿತ್ತು. ಐದನೇ ತರಗತಿಯ ಮಕ್ಕಳು ಈ ಗುಣಾಕಾರ, ಭಾಗಾಕಾರವನ್ನು ಪುಸ್ತಕದ ಲೆಕ್ಕಕ್ಕಿಂತ ಎಷ್ಟು ಎಚ್ಚರಿಕೆಯಿಂದ ಮಾಡಿದರು ಎಂದರೆ, ನನ್ನ ಒಂದು ಭಾಗಾಕಾರದ ತಪ್ಪನ್ನು ಇಬ್ಬರು ಹಿಡಿದರು.

ಹಾಗಾದರೆ 'ಉಳಿಸುವುದು' ಬೇಡವೇ? ಬೇಕು, ಹರಿದುಹೋಗುವ ಕಡೆ. ಊಟದ ನಂತರ ಮಕ್ಕಳು ಕೈ ತೊಳೆಯುವ ಜಾಗದಲ್ಲಿ ಬುಟ್ಟಿ ಇಟ್ಟು ನೋಡಿದೆವು. ಒಂದೇ ಮಧ್ಯಾಹ್ನ ಆರು ಬಕೆಟ್ ತುಂಬಿತು. ಮೂರು ದಿನ ಕೂಡಿ ಒಂದು ಸಣ್ಣ ಕಾಲುವೆ ತೋಡಿ ಆ ನೀರನ್ನು ಎರಡು ಬೇವಿನ ಸಸಿ, ಒಂದು ಕರಿಬೇವಿನ ಗಿಡಕ್ಕೆ ತಿರುಗಿಸಿದೆವು. ಕಾಲುವೆಯ ಇಳಿಜಾರು ಎಲ್ಲಿ ಬೇಕು ಎಂದು ಗೆರೆ ಎಳೆದು ತೋರಿಸಿದವಳು ಅದೇ ಹುಡುಗಿ. ಎತ್ತರಕ್ಕೆ ನೀರು ಏರುವುದಿಲ್ಲ ಎಂಬುದು ಅವಳಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಓಣಿವಾರು ಲೆಕ್ಕವನ್ನು ಡ್ರಾಯಿಂಗ್ ಹಾಳೆಯ ಮೇಲೆ ಮಕ್ಕಳೇ ಬರೆದರು. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಓದಲು ಮುಖ್ಯ ಗುರುಗಳು ಅದನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ಮುಂದೆ ಹೋಗುವವರಿಗೆ

ಈ ವರ್ಷ ಬೋಧನಾಭ್ಯಾಸಕ್ಕೆ ಹೊರಡುವ ಕಿರಿಯರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

1. ಸಾಮಗ್ರಿಗೆ ಹಣ ಬೇಡ. ಬಾಟಲಿ, ಹಗ್ಗ, ಇದ್ದಿಲು, ಕೊಡ ಸಾಕು. ಆದರೆ ಚಟುವಟಿಕೆಯನ್ನು ಹಿಂದಿನ ದಿನ ಅದೇ ಊರಿನ ಮಣ್ಣು, ಅದೇ ಊರಿನ ನೀರಿನಿಂದ ಒಮ್ಮೆ ಮಾಡಿ ನೋಡಿ.

2. ಮನೆಯ ಮಾಹಿತಿ ಕೇಳುವ ಚಟುವಟಿಕೆ ಇದ್ದರೆ, ಅತಿ ಕಡಿಮೆ ಇರುವ ಮಗು ಏನು ಹೇಳಬೇಕಾಗುತ್ತದೆ ಎಂದು ಮೊದಲು ಯೋಚಿಸಿ. ಆ ಮಗುವಿಗೆ ನೋವಾಗುವಂತಿದ್ದರೆ ಪ್ರಶ್ನೆಯನ್ನು ಬದಲಿಸಿ. ಹೆಸರಿನ ಬದಲು ಓಣಿ, ಗುಂಪು ಬರೆಯಿರಿ.

3. 'ಎಷ್ಟು' ಎಂದು ಕೇಳಿದ ಮೇಲೆ 'ಎಲ್ಲಿಂದ', 'ಯಾರು', 'ಯಾಕೆ' ಎಂದು ಕೇಳದೆ ನಿಲ್ಲಿಸಬೇಡಿ. ಬಹುಮಾನ, ಕಿರೀಟ, ಕೈ ಎತ್ತಿಸುವುದು ಪರಿಸರದ ಪಾಠಕ್ಕೆ ಬೇಡ.

4. ತಪ್ಪಾದರೆ ಅದೇ ಪಾಠವನ್ನು ಮತ್ತೆ ಮಾಡಿ. ಅಂಕ ಹೋಗಬಹುದು. ಮಕ್ಕಳು ಶಿಕ್ಷಕಿ ಹಲಗೆ ಒರೆಸಿ ಮತ್ತೆ ಬರೆಯುವುದನ್ನೂ ನೋಡಬೇಕು.

ಕೊನೆಯ ದಿನ ಬಸ್ಸಿಗೆ ಹೊರಟಾಗ ಹುಡುಗಿ ಬಾಗಿಲವರೆಗೆ ಬಂದಳು. "ಟೀಚರ್, ನಿಮ್ಮ ಮನ್ಯಾಗ ಎಷ್ಟು ಕೊಡರಿ?" ಎಂದಳು. ನಾನು ಎಂದೂ ಅಳೆದಿರಲಿಲ್ಲ. ಅಳೆದು ತಿಳಿಸುತ್ತೇನೆ ಎಂದು ಬಂದೆ.

ಮನೆಗೆ ಬಂದ ಮೇಲೆ ಒಂದು ದಿನ ಪೂರ್ತಿ, ಬಕೆಟ್ ಬಕೆಟ್ ಲೆಕ್ಕ ಇಟ್ಟೆ. ನಾಲ್ಕು ಜನಕ್ಕೆ 560 ಲೀಟರ್. 14ರಿಂದ ಭಾಗಿಸಿದರೆ 40 ಕೊಡ. ಮಕ್ಕಳ ಹಲಗೆಯ ಮೇಲಿದ್ದ ಹಾಗೆಯೇ ನಾಲ್ಕು ಕಾಲಂ ಹಾಕಿ ಒಂದು ಹಾಳೆಯ ಮೇಲೆ ಬರೆದು ಮುಖ್ಯ ಗುರುಗಳ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. 'ಎಷ್ಟು ದೂರ' ಎಂಬಲ್ಲಿ 'ಬಾಗಿಲೊಳಗೆ' ಎಂದು ಬರೆದೆ. 'ಹೊತ್ತವರು ಯಾರು' ಎಂಬಲ್ಲಿ 'ಮೋಟರ್' ಎಂದು ಬರೆದೆ.